ನೊರೆಯಿಲ್ಲದ ಜಾಗ

ಕಡಲ ತೀರದ ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಗೆ ಹೋಗುವವರನ್ನು ಹೆದರಿಸುವ ಇಷ್ಟ ನನಗಿಲ್ಲ. ಊರು ಚೆನ್ನಾಗಿದೆ, ನೋಡಲು ಬೇಕಾದಷ್ಟಿದೆ. ಬಂಡೆಯ ಮೇಲೆ ಶಿವನ ಗುಡಿ ಇದೆ, ಪಕ್ಕದ ಗುಡ್ಡದಲ್ಲಿ ಲೈಟ್‌ಹೌಸ್ ಇದೆ. ದೋಣಿಗಳು ಬಂದು ಮೀನು ಇಳಿಸುವ ದಕ್ಕೆ ಇದೆ, ದೋಣಿಯಲ್ಲಿ ಹೋಗಿ ಬರಬಹುದಾದ ಒಂದು ಪುಟ್ಟ ದ್ವೀಪವೂ ಇದೆ. ಸಂಜೆಯಾದರೆ ಇಡೀ ಊರೇ ಬಂದು ಕೂರುವಷ್ಟು ಉದ್ದದ ಮರಳು. ಹೆದರಿದವಳು ನಾನು. ಅದಕ್ಕೆ ಊರು ಹೊಣೆಯಲ್ಲ.

ನಾವು ಸೋಮವಾರಪೇಟೆ ಕಡೆಯವರು. ಘಟ್ಟ ಇಳಿದರೆ ಕಡಲು, ಆದರೂ ನನ್ನ ಅಕ್ಕ ಎಪ್ಪತ್ತು ದಾಟುವ ತನಕ ಅದನ್ನು ನೋಡಿರಲಿಲ್ಲ. ಕಾಫಿ ತೋಟ ಇದ್ದವರಿಗೆ ಬಿಡುವು ಸಿಗುವುದು ಹಣ್ಣಿನ ಪಿಕಿಂಗ್ ಮುಗಿದು, ಗಿಡ ಹೂ ಬಿಡಿಸುವ ಹೂಮಳೆಗೆ ಕಾಯುವ ಕೆಲವು ವಾರ ಮಾತ್ರ. ಆ ವಾರಗಳಲ್ಲಿ ಪ್ರತಿ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮನೆಯಲ್ಲಿ ಮದುವೆ, ಇನ್ನೊಂದು ವರ್ಷ ಪಂಪ್‌ಸೆಟ್ ಕೆಟ್ಟಿತು, ಮತ್ತೊಂದು ವರ್ಷ ತೋಟಕ್ಕೆ ಆನೆ ಬಂತು. ಈ ಸಲ ಅಕ್ಕನ ಮಗಳು ತಾನೇ ಕಾರು ಓಡಿಸುತ್ತೇನೆ, ಹೊರಡಿ ಎಂದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವ, ನಲವತ್ತು ದಾಟಿದ ಹೆಂಗಸು. ಹೀಗೆ ನಾವು ಮೂವರು ಹೊರಟೆವು.

ಯಾವ ಜಾಗ ಯಾವಾಗ ನೋಡಬೇಕು ಎಂದು ಕ್ರಮ ಹಾಕಿದವಳು ನಾನು. ನರ್ಸಿಂಗ್ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು ನಾನು. ಹೆಡ್ ನರ್ಸ್ ಆಗಿ ನಿವೃತ್ತಳಾದ ಮೇಲೂ ಆ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇದೆ. ಬಿಸಿಲೇರುವ ಮುಂಚೆ ಲೈಟ್‌ಹೌಸ್, ಆಮೇಲೆ ದಕ್ಕೆ, ಊಟ, ವಿಶ್ರಾಂತಿ, ಸಂಜೆ ಮರಳು. ಮರುದಿನ ಗುಡಿ ಮತ್ತು ದ್ವೀಪ. ಅಕ್ಕ ಇದರಲ್ಲಿ ಒಂದೇ ತಿದ್ದುಪಡಿ ಮಾಡಿದಳು. ಗುಡಿಗೆ ಹೋಗುವ ಮೊದಲು ಕಡಲಲ್ಲಿ ಮೂರು ಮುಳುಗು ಹಾಕಬೇಕು, ಒದ್ದೆ ಸೀರೆಯಲ್ಲೇ ಶಿವನ ಮುಂದೆ ನಿಲ್ಲಬೇಕು. ಅದಿಲ್ಲದಿದ್ದರೆ ಅಷ್ಟು ದೂರ ಹೋಗುವುದೇ ದಂಡ ಎಂದಳು.

ಕಡಲು ಕಂಡ ಮೊದಲ ಗಳಿಗೆಯಲ್ಲೇ ನನಗೆ ಹೆದರಿಕೆ ಹತ್ತಿತು. ಕಾರು ಒಂದು ತಿರುವು ದಾಟಿತು, ತೆಂಗಿನ ಮರಗಳ ಸಂದಿಯಲ್ಲಿ ಅದು ಎದ್ದು ನಿಂತಂತಿತ್ತು. ನೀರು ನೆಲಕ್ಕಿಂತ ಎತ್ತರದಲ್ಲಿದೆ ಎನಿಸಿತು. ಅಕ್ಕ ಕಿಟಕಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

"ಏನೇ ಇದು, ಆ ಕಡೆ ದಡಾನೇ ಇಲ್ವಲ್ಲೇ."

"ಇದೆ. ಅರಬ್ಬರ ದೇಶದಲ್ಲಿದೆ," ಎಂದಳು ಅವಳ ಮಗಳು.

"ಅಷ್ಟು ದೂರ ಇದ್ರೆ ಇದ್ದಂಗಾ ಅದು?"

ಅವಳು ತಮಾಷೆಗೆ ಹೇಳಿದಳು. ನನಗೆ ಅದು ತಮಾಷೆ ಎನಿಸಲಿಲ್ಲ. ಹೊಳೆಗೆ ಎರಡು ದಡ ಇರುತ್ತದೆ. ಎಂಥ ಮಳೆಗಾಲದಲ್ಲೂ ಎದುರಿಗೆ ಒಂದು ಮರ ಕಾಣುತ್ತದೆ, ಒಂದು ಹಸು ಕಾಣುತ್ತದೆ. ಇಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಲೈಟ್‌ಹೌಸಿನ ಒಳಗೆ ಸುರುಳಿ ಮೆಟ್ಟಿಲು. ನಾನು ಗೋಡೆಗೆ ಒರಗಿಕೊಂಡೇ ಹತ್ತಿದೆ. ಕೆಳಗೆ ನೋಡಬಾರದು ಎಂದುಕೊಂಡರೂ ಮೆಟ್ಟಿಲ ನಡುವಿನ ಟೊಳ್ಳು ಕಣ್ಣಿಗೆ ಬೀಳುತ್ತಿತ್ತು. ಹಿಂದಿನಿಂದ ಬರುತ್ತಿದ್ದ ಅಕ್ಕ ಮಗಳಿಗೆ ಕೇಳುವಂತೆ, ಆಸ್ಪತ್ರೆಯಲ್ಲಿ ಡಾಕ್ಟರನ್ನೇ ಗದರಿಸುತ್ತಿದ್ದವಳು ಇಲ್ಲಿ ಮೆಟ್ಟಿಲಿಗೆ ಹೆದರುತ್ತಾಳೆ ನೋಡು ಎಂದಳು. ಮೇಲೆ ಗಾಳಿ ಸೆರಗನ್ನು ಕಿತ್ತುಕೊಳ್ಳುತ್ತಿತ್ತು. ಕಂಬಿ ಹಿಡಿದು ನಿಂತೆ. ಕೆಳಗೆ ಇಡೀ ತೀರ ಬಿಳಿ ಸಾಲು ಸಾಲಾಗಿ ಕಾಣುತ್ತಿತ್ತು. ಆ ಸಾಲುಗಳ ನಡುವೆ ಅಲ್ಲಲ್ಲಿ ನೊರೆಯೇ ಇಲ್ಲದ, ಸ್ವಲ್ಪ ಕಪ್ಪಾದ ಪಟ್ಟಿಗಳಿದ್ದವು. ಗದ್ದೆ ನಡುವಿನ ದಾರಿಯಂತಿವೆ ಎಂದಳು ಅಕ್ಕನ ಮಗಳು. ಫೋಟೋ ತೆಗೆದಳು. ಇಳಿಯುವಾಗ ನಾನು ಇಬ್ಬರಿಗಿಂತ ಹಿಂದೆ, ಒಂದೊಂದೇ ಮೆಟ್ಟಿಲು ಎಣಿಸುತ್ತಾ ಇಳಿದೆ.

ದಕ್ಕೆಯಲ್ಲಿ ನಗೆಪಾಟಲಾಗುವ ಸರದಿ ಅಕ್ಕನದು. ಮೀನು ಮುಟ್ಟದ ಮನೆಯವಳು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬುಟ್ಟಿ ಬುಟ್ಟಿ ಇಣುಕಿದಳು. ಹಾವಿನಂತಿದ್ದ ಒಂದು ಮೀನಿನ ಹೆಸರು ಕೇಳಿ, ಬೆಲೆ ಕೇಳಿ, ಕೊನೆಗೆ ಚೌಕಾಸಿಯನ್ನೂ ಶುರು ಮಾಡಿದಳು. ಮಾರುವ ಹೆಂಗಸು ಕೊಡಲು ಕವರ್ ಬಿಡಿಸಿದಾಗ ಅಕ್ಕ ನಮ್ಮತ್ತ ಓಡಿಬಂದಳು. ರಾತ್ರಿ ಊಟದ ತನಕ ನಕ್ಕೆವು. ಆ ನಗುವಿನಿಂದ ನನ್ನ ಹೆದರಿಕೆ ಸ್ವಲ್ಪ ಇಳಿಯಿತು.

ಮರುದಿನ ಬೆಳಿಗ್ಗೆ ಅಕ್ಕನ ಮುಳುಗಿಗೆಂದು ಮರಳಿಗೆ ಹೋದೆವು. ಜನ ಆಗಲೇ ಸೇರಿದ್ದರು. ಕೆಂಪು ಹಳದಿ ಬಾವುಟ ನೆಟ್ಟ ಎರಡು ಕಂಬಗಳ ನಡುವೆ ಎಲ್ಲರೂ ಒತ್ತೊತ್ತಾಗಿ ಸ್ನಾನ ಮಾಡುತ್ತಿದ್ದರು. ಅಲ್ಲಿ ಅಲೆ ಒಡೆದು ಬೆಳ್ಳಗೆ ನೊರೆ ಏಳುತ್ತಿತ್ತು. ಗಂಡಸರೇ ಬೀಳುತ್ತಿದ್ದರು, ಬಿದ್ದು ಕಿರುಚುತ್ತಿದ್ದರು. ಅಕ್ಕ ಅದನ್ನು ನೋಡಿ ತಲೆಯಾಡಿಸಿದಳು.

"ಇವರಿಗೆ ನೀರು ನೋಡಕ್ಕೇ ಬರಲ್ಲ ಕಣೇ. ಬೆಳ್ಳಗೆ ಎದ್ದ ಕಡೆ ಯಾರಾದ್ರೂ ಇಳೀತಾರಾ?"

ಅವಳ ಮಾತು ನಮಗೆ ಸರಿಯೆಂದೇ ತೋರಿತು. ಹೊಳೆಯಲ್ಲಿ ನಾವು ಕಲಿತದ್ದು ಅದು. ನೊರೆ ಎದ್ದ ಕಡೆ ಅಡಿಯಲ್ಲಿ ಬಂಡೆ ಇರುತ್ತದೆ, ಕಾಲು ಜಾರುತ್ತದೆ. ನೀರು ಅಲುಗದೆ ನಿಂತ ಕಡೆ ಮಡು ಇರುತ್ತದೆ, ಅಲ್ಲಿಗೂ ಹೋಗಬಾರದು. ನೊರೆಯಿಲ್ಲದೆ ಸಣ್ಣಗೆ ಸುಕ್ಕು ಬಿದ್ದು ಹರಿಯುವ ಕಡೆ ಮರಳು ತಳ, ಅಲ್ಲಿ ಇಳಿಯಬೇಕು. ದುಬಾರೆಯಲ್ಲಿ ಹೊಳೆ ದಾಟಿ ಆನೆ ನೋಡಲು ಹೋಗುವಾಗಲೂ ಅಕ್ಕ ಹಾಗೆಯೇ ಜಾಗ ಆರಿಸುವವಳು. ಇಲ್ಲೂ ಬಾವುಟಗಳಿಂದ ದೂರ, ಜನರಿಲ್ಲದ ಕಡೆ, ಅಂಥದೇ ಒಂದು ಜಾಗ ಕಂಡಳು. ಎರಡೂ ಪಕ್ಕ ಅಲೆ ಒಡೆಯುತ್ತಿತ್ತು, ನಡುವೆ ಸುಕ್ಕು ಸುಕ್ಕಾದ ನೀರು. ತನ್ನ ಛತ್ರಿಯಿಂದ ತಳ ಕುಟ್ಟಿ ನೋಡಿದಳು. ಗಟ್ಟಿ ಮರಳು, ಮೊಣಕಾಲುದ್ದ ನೀರು. ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಬಿಗಿದು, ಹಣೆಯ ವಿಭೂತಿ ಮುಟ್ಟಿಕೊಂಡು ಇನ್ನೆರಡು ಹೆಜ್ಜೆ ಮುಂದೆ ಹೋದಳು. ನಾನು ಪಾದ ಮುಳುಗುವಷ್ಟೇ ನೀರಿನಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲಿ ಅವಳ ಮಗಳು.

ಮೊದಲ ಮುಳುಗು ಹಾಕಿ ಎದ್ದಳು. ನಮ್ಮ ಕಡೆ ತಿರುಗಿ ನಕ್ಕಳು. ಎರಡನೆಯದಕ್ಕೆ ಬಗ್ಗಿದವಳು ಎದ್ದದ್ದು ಅದೇ ಜಾಗದಲ್ಲಲ್ಲ.

ಅದನ್ನು ಹೇಗೆ ಹೇಳುವುದು? ಅಲೆ ಬಂದು ಹೊಡೆಯಲಿಲ್ಲ, ಅವಳು ಬೀಳಲಿಲ್ಲ, ಕೂಗಲಿಲ್ಲ. ಕಾಲ ಕೆಳಗಿನ ಚಾಪೆಯನ್ನು ಯಾರೋ ಎಳೆದ ಹಾಗೆ ಅವಳು ಹಿಂದಕ್ಕೆ ಸರಿದಳು. ನಿಲ್ಲಲು ಕಾಲು ಊರಿದಳು, ಕಾಲಿಗೆ ನೆಲ ಸಿಗಲಿಲ್ಲ. ಅವಳ ಮುಖದ ಮೇಲಿದ್ದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ನೋಡನೋಡುತ್ತಾ ಆ ಮುಖ ಚಿಕ್ಕದಾಯಿತು.

ಮಗಳು ಮುಂದೆ ನುಗ್ಗಿದಳು. ನಾನು ಛತ್ರಿ ಎಸೆದು ಅವಳ ಮಣಿಕಟ್ಟು ಹಿಡಿದೆ. ಜ್ವರ ತಲೆಗೇರಿ ಮಂಚದಿಂದ ಎದ್ದೋಡುವ ರೋಗಿಗಳನ್ನು ಹಿಡಿಯುವ ಒಂದು ಹಿಡಿತವಿದೆ. ಎರಡೂ ಕೈ, ಹೆಬ್ಬೆರಳು ಒಳಗಡೆ, ಒಂದು ಕಾಲು ಹಿಂದೆ. ಆ ಹಿಡಿತವನ್ನು ಎಷ್ಟೋ ಹುಡುಗಿಯರಿಗೆ ನಾನೇ ಹೇಳಿಕೊಟ್ಟಿದ್ದೆ.

"ಬಿಡಿ ಚಿಕ್ಕಮ್ಮ. ಅಮ್ಮ ಹೋಗ್ತಿದಾಳೆ."

"ನಿಂಗೆ ಈಜು ಬರುತ್ತಾ?"

"ಇಲ್ಲ. ಬಿಡಿ ಅಂದ್ನಲ್ಲ."

"ಬಿಡಲ್ಲ."

ಅವಳು ಇನ್ನೊಂದು ಕೈಯಿಂದ ನನ್ನ ಭುಜಕ್ಕೆ ಹೊಡೆದಳು, ಬೆರಳು ಬಿಡಿಸಲು ನೋಡಿದಳು. ನಾನು ಅವಳನ್ನು ಹಿಡಿದುಕೊಂಡೇ ಬಾವುಟದ ಕಡೆ ತಿರುಗಿ ಕೂಗಿದೆ. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಗಂಟಲು ನನ್ನದು. ಆವತ್ತು ಅದು ನನಗೇ ಕೇಳಲಿಲ್ಲ. ಗಾಳಿ ಅದನ್ನು ನನ್ನ ಬಾಯಿಂದಲೇ ಕಿತ್ತುಕೊಂಡಿತು. ಮತ್ತೆ ಕೂಗಿದೆ. ಯಾರೋ ಒಬ್ಬರು ತಿರುಗಿದರು. ದೂರದಲ್ಲಿ ಸೀಟಿ ಕೇಳಿತು. ಕೆಂಪು ಚಡ್ಡಿಯ ಇಬ್ಬರು ಲೈಫ್‌ಗಾರ್ಡ್‌ಗಳು ಉದ್ದನೆಯ ಹಲಗೆ ಹಿಡಿದು ಓಡಿಬರುವುದು ಕಂಡಿತು. ಮರಳಿನಲ್ಲಿ ಅವರ ಓಟ ನಿಧಾನವಾಗಿತ್ತು. ಅಷ್ಟು ನಿಧಾನ ಓಡುವ ಮನುಷ್ಯರನ್ನು ನಾನು ಎಲ್ಲೂ ನೋಡಿಲ್ಲ ಎನಿಸಿತು.

ಅಕ್ಕ ಆಗ ಅಂಗಾತ ಮಲಗಿದಳು. ಅವಳ ಸೀರೆ ಗಾಳಿ ತುಂಬಿ ನೀರಿನ ಮೇಲೆ ಗುಳ್ಳೆಯಂತೆ ಎದ್ದಿತ್ತು. ಅದನ್ನು ನೋಡಿ ಮಗಳು, ಮುಗೀತು, ಅಮ್ಮ ಮುಗಿದೇಹೋದಳು ಎಂದು ಅತ್ತಳು. ನನಗೆ ಮಾತ್ರ ಗೊತ್ತಿತ್ತು, ಅವಳು ಬದುಕಿದ್ದಾಳೆ. ಸೆಳೆತ ಹಿಡಿದರೆ ಹೊಳೆಯ ಜೊತೆ ಜಗಳ ಮಾಡಬೇಡಿ, ಅಂಗಾತ ಮಲಗಿ, ಮುಂದಿನ ತಿರುವಿನಲ್ಲಿ ಅದೇ ನಿಮ್ಮನ್ನು ದಡಕ್ಕೆ ಬಿಡುತ್ತದೆ ಎಂದು ನಮ್ಮ ಅಪ್ಪ ಇಬ್ಬರಿಗೂ ಹೇಳಿಕೊಟ್ಟಿದ್ದರು. ಅವಳು ಅಪ್ಪ ಹೇಳಿದ್ದನ್ನು ಮಾಡುತ್ತಿದ್ದಳು. ತಿರುವಿಗೆ ಕಾಯುತ್ತಿದ್ದಳು.

ಕಡಲಿಗೆ ತಿರುವು ಎಲ್ಲಿದೆ? ಅದು ಅವಳಿಗೆ ಹೊಳೆಯದಿರಲಿ ಎಂದು ಬೇಡಿಕೊಂಡೆ. ಹೊಳೆದರೆ ಹೆದರುತ್ತಾಳೆ, ಹೆದರಿದರೆ ಕೈಕಾಲು ಬಡಿಯುತ್ತಾಳೆ, ಬಡಿದರೆ ಮುಳುಗುತ್ತಾಳೆ. ನನ್ನ ಕೈಯೊಳಗಿನ ಮಣಿಕಟ್ಟು ಬಿಸಿಯಾಗಿ ಮಿಡಿಯುತ್ತಿತ್ತು. ಒಂದು ಸಲ ಅಲೆಯೊಂದು ಎದ್ದು ಅಕ್ಕನನ್ನು ಮರೆ ಮಾಡಿತು. ಅದು ಇಳಿದಾಗ ಸೀರೆ ಕಾಣಲಿಲ್ಲ. ಬರೀ ನೀರು. ಆ ಬರೀ ನೀರನ್ನು ಈಗಲೂ ಕಣ್ಣು ಮುಚ್ಚಿದರೆ ನೋಡುತ್ತೇನೆ. ಆಗಲೂ ನನ್ನ ಹಿಡಿತ ಸಡಿಲಾಗಲಿಲ್ಲ. ಮಗಳು ಮರಳಿನ ಮೇಲೆ ಮಂಡಿಯೂರಿದ್ದಳು, ಹೊಡೆಯುವುದನ್ನು ನಿಲ್ಲಿಸಿದ್ದಳು.

ಆಮೇಲೆ, ನೀರಿಗಿಳಿದಿದ್ದ ಲೈಫ್‌ಗಾರ್ಡ್‌ಗಳ ಹಲಗೆಯ ಬಳಿ ಎರಡು ತಲೆಯ ಬದಲು ಮೂರು ತಲೆ ಕಂಡವು.

ಅವಳನ್ನು ಅವರು ನೇರವಾಗಿ ತರಲಿಲ್ಲ. ಬಹಳ ದೂರ ಪಕ್ಕಕ್ಕೆ ಹೋಗಿ, ನೊರೆ ಏಳುವ ಕಡೆಯಿಂದ ಅಲೆಯ ಜೊತೆಯಲ್ಲೇ ದಡಕ್ಕೆ ತಂದರು. ನೀರು ಒಳಗೆ ಬರುವುದು ನೊರೆಯಿರುವ ಕಡೆ, ಬಂದ ನೀರೆಲ್ಲ ಕಡಲಿಗೆ ಹಿಂದಿರುಗುವುದು ನೊರೆಯಿಲ್ಲದ ಆ ಓಣಿಯಲ್ಲಿ ಎಂದು ಆಮೇಲೆ ಅವರೇ ಹೇಳಿದರು. ಬಾವುಟ ಅದಕ್ಕೇ ನೆಡುವುದಂತೆ. ಘಟ್ಟದ ಮೇಲಿನಿಂದ ಬಂದವರು ಎಷ್ಟೋ ಜನ ಇದೇ ತಪ್ಪು ಮಾಡುತ್ತಾರಂತೆ.

ಅಕ್ಕನನ್ನು ಮಗ್ಗುಲಿಗೆ ಮಲಗಿಸಿದೆ. ಉಪ್ಪುನೀರು ಕಾರಿದಳು, ಕೆಮ್ಮಿದಳು. ತುಟಿ ನೀಲಿಯಾಗಿತ್ತು. ನಾಡಿ ಹಿಡಿದೆ. ಕೆಲಸಕ್ಕೆ ಸೇರಿದಾಗಿನಿಂದ ಎಷ್ಟು ಸಾವಿರ ಕೈ ಹಿಡಿದಿದ್ದೇನೋ, ಆವತ್ತು ಎಣಿಸಲು ಆಗಲಿಲ್ಲ. ಯಾವ ಮಿಡಿತ ಅವಳದು, ಯಾವುದು ನನ್ನದು ಎಂದೇ ತಿಳಿಯಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ಕುಡಿದವರು ಎದ್ದು ಕೂತು ಮಾತಾಡಿದ ಮೇಲೂ ಉಸಿರು ಕಟ್ಟಬಹುದು ಎಂದು ನನಗೆ ಗೊತ್ತಿತ್ತು. ಡಾಕ್ಟರ್ ಒಂದು ದಿನ ಇಟ್ಟುಕೊಳ್ಳುತ್ತೇವೆ ಎಂದರು. ಆ ದಿನವಿಡೀ ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತಾ ಕೂತೆ. ಆಕ್ಸಿಜನ್ ಮಾಸ್ಕ್ ಸರಿಸಿ ಅವಳು ಆಡಿದ ಮೊದಲ ಮಾತು, ಒಂದು ಮುಳುಗು ಸರಿಯಾಗಿ ಆಯಿತು, ಎರಡನೆಯದು ಸ್ವಲ್ಪ ಉದ್ದವಾಯಿತು, ಮೂರನೆಯದು ಬಾಕಿ ಉಳಿಯಿತಲ್ಲ ಎಂದು. ನರ್ಸ್ ಹುಡುಗಿ ನಕ್ಕಳು. ನನಗೆ ನಗಲಾಗಲಿಲ್ಲ. ಮಗಳೂ ನಗಲಿಲ್ಲ.

ಬಿಡುಗಡೆಯಾದ ಮೇಲೆ ರೂಮಿನ ಬಕೆಟ್ ನೀರಿನಲ್ಲಿ ಸ್ನಾನ ಮಾಡಿಸಿ ಗುಡಿ ತೋರಿಸಿದೆವು. ದ್ವೀಪಕ್ಕೆ ಹೋಗಲಿಲ್ಲ. ದೋಣಿಯವನು ಕರೆದ, ನಾನು ಅವನ ಕಡೆ ನೋಡಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೂತಾಗಲೂ ಕಡಲಿಗೆ ಬೆನ್ನು ಕೊಟ್ಟೇ ಕೂತೆ. ಆದರೆ ಅದರ ಸದ್ದು ಬೆನ್ನಿಗೆ ಬಂದು ತಾಗುತ್ತಿತ್ತು.

ಹಿಂದಿರುಗುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಹೋದಳು. ಮಗಳು ಕಾರು ಓಡಿಸುತ್ತಿದ್ದಳು. ಸ್ಟೀರಿಂಗಿನ ಮೇಲಿದ್ದ ಅವಳ ಕೈಯಲ್ಲಿ ನನ್ನ ಬೆರಳುಗಳ ಗುರುತು ನೀಲಿಗಟ್ಟಿತ್ತು. ಸಂಪಾಜೆ ದಾಟಿ ಘಟ್ಟ ಹತ್ತುವಾಗ ಗಾಳಿ ತಣ್ಣಗಾಯಿತು. ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಅಕ್ಕನನ್ನು ಎಬ್ಬಿಸದೆ ಇಬ್ಬರೂ ಇಳಿದು ಕಾಫಿ ತೆಗೆದುಕೊಂಡೆವು. ಅವಳು ಲೋಟ ಹಿಡಿದು ರಸ್ತೆಯನ್ನೇ ನೋಡುತ್ತಾ ಕೇಳಿದಳು.

"ಅಮ್ಮ ವಾಪಸ್ ಬರದೇ ಇದ್ದಿದ್ರೂ ಹಿಡ್ಕೊಂಡೇ ಇರ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. ಆದರೆ ಸೀರೆ ಕಾಣದೆ ಬರೀ ನೀರು ಕಂಡ ಆ ಗಳಿಗೆಯಲ್ಲಿ ನನ್ನ ಕೈ ಏನು ಮಾಡಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹೂಂ. ಹಿಡ್ಕೊಂಡೇ ಇರ್ತಿದ್ದೆ."

ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ನಂಗೆ ನಿಮ್ಮನ್ನ ನೋಡಿದ್ರೆ ಭಯ ಆಗುತ್ತೆ ಚಿಕ್ಕಮ್ಮ."

"ನಂಗೂ ಆಗುತ್ತೆ ಮಗ," ಎಂದೆ.

ಅವಳು ಬಂದು ನನ್ನ ಪಕ್ಕ ನಿಂತಳು, ತಾಗಲಿಲ್ಲ. ಕಾರಿನೊಳಗೆ ಅಕ್ಕ ಕೆಮ್ಮಿದಳು. ಇಬ್ಬರೂ ಒಟ್ಟಿಗೇ ತಿರುಗಿ ಓಡಿದೆವು.