ಎಗ್‌ಲೆಸ್ ಬೋರ್ಡಿನ ಕೆಳಗೆ ಕೇಳಿದ ಮಾತು

ದೆವ್ವ, ಪವಾಡ, ಶಾಪ ಎಂದು ತಾಲ್ಲೂಕುಗಳಿಂದ ಬರುತ್ತಿದ್ದ ವರದಿಗಳನ್ನು ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ವರ್ಷಗಟ್ಟಲೆ ಕಸದ ಬುಟ್ಟಿಗೆ ಹಾಕಿದವನು ನಾನು. ಕಂಡವರು ಯಾರು, ಬೇರೆಯವರೂ ಕಂಡರೇ, ಆಧಾರ ಏನು ಎಂದು ಕೇಳಿದರೆ ಅಂಥ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು. ಈಗ ಬರೆಯುತ್ತಿರುವುದನ್ನು ಬೇರೊಬ್ಬ ವರದಿಗಾರ ಕಳಿಸಿದ್ದರೆ ಇದಕ್ಕೂ ಅದೇ ಗತಿ ಆಗುತ್ತಿತ್ತು. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ನನ್ನ ಚಿಗವ್ವನ ವಿಷಯ. ಅವ್ವನ ತಂಗಿ ಶಾಂತಾ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಕೇಕ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ನಮ್ಮ ಕಡೆ ಲಿಂಗ ಕಟ್ಟಿಕೊಂಡ ಮನೆಗಳಲ್ಲಿ ತತ್ತಿ ಹೊಸ್ತಿಲು ದಾಟುವುದಿಲ್ಲ, ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಬೇಕೇ ಬೇಕು. ಬಾಗಿಲ ಮೇಲಿನ ‘ಎಗ್‌ಲೆಸ್’ ಬೋರ್ಡಿನಿಂದಲೇ ಆ ಅಂಗಡಿ ನಡೆಯುತ್ತಿತ್ತು. ಚಿಗವ್ವನೂ ಅಂಥ ಮನೆಯವಳೇ. ಒಳಗೆ ಸ್ಪಂಜ್ ಬೇಯಿಸುವುದು ಮಾಲೀಕ. ಅದರ ಉಬ್ಬಿದ ತಲೆಯನ್ನು ಚಾಕುವಿನಿಂದ ಸಮ ಮಾಡಿ ಕ್ರೀಮಿನ ಗುಲಾಬಿ ಕೂರಿಸುವುದು ಚಿಗವ್ವ. ಕತ್ತರಿಸಿ ಉಳಿದ ಚೂರುಗಳನ್ನು ಒಗೆಯಲು ಮನಸ್ಸಾಗದೆ ಮಧ್ಯಾಹ್ನದ ಚಹಾದ ಜೊತೆ ತಾನೇ ತಿನ್ನುತ್ತಿದ್ದಳು.

ಒಮ್ಮೆ ಕಾಳಿನ ವ್ಯಾಪಾರಿಯೊಬ್ಬರ ಮನೆಗೆ ಹೋದ ಕೇಕಿನಲ್ಲಿ ತತ್ತಿ ಇರುವುದು ವಾಸನೆಯಿಂದ ಗೊತ್ತಾಯಿತು. ಆ ಮನೆಯ ಅಜ್ಜಿ ಅಷ್ಟರಲ್ಲಿ ತಿಂದಾಗಿತ್ತು. ವ್ಯಾಪಾರಿ ಉಳಿದ ಕೇಕ್ ಹಿಡಿದುಕೊಂಡೇ ಅಂಗಡಿಗೆ ಬಂದರು. ಮಾಲೀಕ ಎಲ್ಲರೆದುರು ಚಿಗವ್ವನ ಕಡೆ ಕೈ ತೋರಿಸಿದ. “ಈಕೀನ ಹಾಕ್ಯಾಳ್ರಿ” ಎಂದ. ಅಂದೇ ಅವಳನ್ನು ಮನೆಗೆ ಕಳಿಸಿದ.

ಹೆಸರು ಕೆಟ್ಟಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಆ ಚೂರುಗಳು. ಎಷ್ಟು ದಿನ, ಎಷ್ಟು ಸಲ ಹಾಗೆ ತತ್ತಿ ತಿಂದೆನೋ ಎಂದು ಕೊರಗಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವುದನ್ನು ಬಿಟ್ಟಳು. ಕೊರಳಲ್ಲಿ ಇತ್ತು, ಮುಟ್ಟುತ್ತಿರಲಿಲ್ಲ. ನವನಗರದ ಮನೆಯಿಂದ ಹೊರಗೆ ಬರುವುದೂ ನಿಂತಿತು. ಬೀಗರ ಪೈಕಿ ಕೆಲವರು ಅವಳು ಕೊಟ್ಟ ಚಹಾ ಕುಡಿಯದೆ ಎದ್ದು ಹೋದರು.

ನಾಲ್ಕು ವರ್ಷದ ನಂತರ, ಒಂದು ಡಿಸೆಂಬರ್‌ನಲ್ಲಿ, ಊರಿನ ಕೇಕ್ ಮತ್ತು ಚಾಕೊಲೇಟ್ ಅಂಗಡಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಒಂದು ಪುಟ ಬರೆಯಲು ಸಂಪಾದಕರು ಹೇಳಿದರು. ನಾನು ಒಪ್ಪಿದ್ದು ಆ ಒಂದು ಅಂಗಡಿಗಾಗಿ. ಅಲ್ಲಿಯ ಎಗ್‌ಲೆಸ್ ಕೇಕ್ ಕೊಂಡು ಪ್ರಯೋಗಾಲಯಕ್ಕೆ ಕಳಿಸುವುದು, ತತ್ತಿ ಸಿಕ್ಕರೆ ಅಂಗಡಿಯ ಹೆಸರು ಹಾಕಿ ಬರೆಯುವುದು ನನ್ನ ಯೋಜನೆ. ಸಾರ್ವಜನಿಕ ಹಿತ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ, ಅವನು ಜನರೆದುರು ತಲೆ ತಗ್ಗಿಸುವುದನ್ನು ನಾನು ನೋಡಬೇಕಿತ್ತು.

ಬೆಳಿಗ್ಗೆ ದುರ್ಗದ ಬೈಲಿನಿಂದ ಹೊರಟೆ. ಕಟ್ಟಿಗೆ ಭಟ್ಟಿಯ ಹಳೆಯ ಬೇಕರಿಯಲ್ಲಿ ಬಿಸಿ ದಿಲ್‌ಪಸಂದ್ ಕೊಟ್ಟರು. ಕೊಪ್ಪೀಕರ್ ರಸ್ತೆಯ ಹತ್ತಿರ ಒಬ್ಬ ಹೆಣ್ಣುಮಗಳು ಮನೆಯ ಮುಂದಿನ ಕೋಣೆಯಲ್ಲೇ ಚಾಕೊಲೇಟ್ ಅಚ್ಚು ಹಾಕುತ್ತಿದ್ದಳು. ಇದರಲ್ಲಿ ವಿಶೇಷ ಏನು ಎಂದೆ. “ಒಳಗ ಫೇಡೆ ಐತ್ರಿ ಸರ. ಹೊರಗಿಂದು ಬರೇ ಅಂಗಿ” ಎಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ದಿನ ಪುಸ್ತಕದಲ್ಲಿ ಬರೆದುಕೊಂಡು ಮುಂದೆ ನಡೆದೆ. ಕಾಫಿ ಪೇಸ್ಟ್ರಿ, ಬಟರ್‌ಸ್ಕಾಚ್, ಅಂಜೂರ ತುಂಬಿದ ಚಾಕೊಲೇಟ್ ಎಲ್ಲ ಬಾಯಿಗೆ ಹೋದವು. ಯಾವುದರ ರುಚಿಯೂ ನನಗೆ ನೆನಪಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಆ ಅಂಗಡಿಗೆ ಹೋದೆ. ಪತ್ರಿಕೆಯವನು ಎಂದಷ್ಟೇ ಹೇಳಿದೆ, ನನ್ನ ಸಂಬಂಧ ಅವನಿಗೆ ಗೊತ್ತಿರಲಿಲ್ಲ. ಕುರ್ಚಿ ಹಾಕಿಸಿದ. ಸಂದರ್ಶನಗಳಲ್ಲಿ ಮಾಡುವಂತೆ ಫೋನಿನ ರೆಕಾರ್ಡರ್ ಹಚ್ಚಿ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟೆ. ಅವನ ಹೆಂಡತಿ ಟ್ರೇಯಲ್ಲಿ ಪೇಸ್ಟ್ರಿ ಜೋಡಿಸುತ್ತಿದ್ದಳು.

ಆಗ ನಿವೃತ್ತ ಮಾಸ್ತರರಂತೆ ಕಾಣುವ ಒಬ್ಬ ಹಿರಿಯರು ಒಳಗೆ ಬಂದು ಒಂದು ಕೇಕ್ ತೋರಿಸಿ, “ಎಗ್‌ಲೆಸ್ ಐತೇನ್ರಿ?” ಎಂದರು.

“ತತ್ತಿ ಐತ್ರಿ” ಎಂದ ಮಾಲೀಕ, ನಗುಮುಖದಿಂದಲೇ.

“ಮತ್ತ ಬೋರ್ಡ್ ಮ್ಯಾಗ ಹಂಗ ಬರದೀರೆಲ್ಲಾ?”

“ಬರದೇವ್ರಿ. ತತ್ತಿ ಐತಿ.”

“ಹಂಗಾರ ಬೋರ್ಡ್ ಅಷ್ಟ ಎಗ್‌ಲೆಸ್ ಅನ್ರಿ” ಎಂದು ಹಿರಿಯರು ಕೊಡೆ ಎತ್ತಿಕೊಂಡರು.

ಹೆಂಡತಿ ತಿರುಗಿ ನೋಡಿದಳು. “ಅಲ್ರೀ, ನಾಲಿಗಿ ನೆಟ್ಟಗೈತಿಲ್ಲೋ? ಏನ್ ಮಾತಾಡಾಕತ್ತೀರಿ?”

“ತತ್ತಿ ಇಲ್ಲ ಅಂತನ ಅಂದ್ನೆಲ್ಲಾ” ಎಂದ ಅವನು. ಅವನ ಮುಖದಲ್ಲಿ ನಟನೆ ಇರಲಿಲ್ಲ. ಮುಖ ನೋಡಿ ಸುಳ್ಳು ಗುರುತಿಸುವುದು ನನ್ನ ವೃತ್ತಿಯ ಭಾಗ.

ಮತ್ತೆ ಇಬ್ಬರು ಹೆಣ್ಣುಮಕ್ಕಳು ಬಂದರು. ಈ ಸಲ ನಾನೇ ಗಟ್ಟಿಯಾಗಿ ಕೇಳಿದೆ. “ಮಾಲಕರ, ಇವೆಲ್ಲಾ ಎಗ್‌ಲೆಸ್ ಅಲ್ರಿ?” “ಎಲ್ಲಾದ್ರಾಗೂ ತತ್ತಿ ಐತ್ರಿ.” ಅವರು ಮುಖ ಮುಖ ನೋಡಿಕೊಂಡು ಹೊರಟರು. ಒಬ್ಬೊಬ್ಬ ಗಿರಾಕಿ ಬಂದಾಗಲೂ ನಾನು ಕೇಳಿದೆ. ಅವನು ಅದೇ ಉತ್ತರ ಕೊಟ್ಟ. ಗಿರಾಕಿಗಳು ಏಕೆ ತಿರುಗಿ ಹೋಗುತ್ತಿದ್ದಾರೆಂದು ತಿಳಿಯದೆ ಅವನು ಅವರ ಹಿಂದೆ ಬಾಗಿಲವರೆಗೆ ಹೋದ. ನಾನು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಇದನ್ನೂ ಬರೆಯಲೇಬೇಕು.

ಕೊನೆಗೆ ನನಗೆ ಬೇಕಾದದ್ದನ್ನು ಕೇಳಿದೆ. “ಶಾಂತಕ್ಕ ಅಂತ ನಿಮ್ಮಲ್ಲಿ ಇದ್ರಲ್ಲ. ಆ ದಿನ ತತ್ತಿ ಹಾಕಿದ್ದು ಅವರೇನ್ರಿ?”

“ಆಕಿ ಅಲ್ರಿ, ನಾನ ಹಾಕಿದ್ದೆ. ಆರ್ಡರ್ ಬಾಳ ಇದ್ವು, ಎಗ್‌ಲೆಸ್ ಸ್ಪಂಜ್ ತೀರಿತ್ತು. ಪಾಪ, ಆಕಿಗೆ ಏನೂ ಗೊತ್ತಿದ್ದಿಲ್ಲ.”

ಹೆಂಡತಿಯ ಕೈಯಿಂದ ಟ್ರೇ ಜಾರಿ ಬಿತ್ತು. ನಾನು ಫೋನ್ ಎತ್ತಿಕೊಂಡು ಹೊರಗೆ ಬಂದೆ. ಪ್ರಯೋಗಾಲಯದ ಮಾತು ಮರೆತೇ ಹೋಗಿತ್ತು.

ಕಚೇರಿಯಲ್ಲಿ ಕೂತು ರೆಕಾರ್ಡಿಂಗ್ ಕೇಳಿದೆ. ಹಿರಿಯರ ಪ್ರಶ್ನೆ, ನನ್ನ ಪ್ರಶ್ನೆ ಎಲ್ಲ ಇದ್ದವು. ಉತ್ತರ ಮಾತ್ರ ಪ್ರತಿ ಸಲವೂ “ತತ್ತಿ ಇಲ್ರಿ” ಎಂದಿತ್ತು. ಕೊನೆಯ ಪ್ರಶ್ನೆಗೆ, “ಹೌದ್ರಿ, ಆಕೀನ ಹಾಕಿದ್ಲು. ನಾ ಹಾಕಾಕ ನನಗೇನು ಹುಚ್ಚ ಹಿಡದಿತ್ತೇನ್ರಿ?” ಅದರ ಬೆನ್ನಿಗೇ ಟ್ರೇ ಬಿದ್ದ ಸದ್ದು. ಆ ಮಾತಿನಲ್ಲಿ ಟ್ರೇ ಬೀಳುವಂಥದ್ದು ಏನೂ ಇಲ್ಲ. ಪಕ್ಕದ ಸಹೋದ್ಯೋಗಿಗೆ ಏನೂ ಹೇಳದೆ ಕೇಳಿಸಿದೆ. ಅವನಿಗೂ ಇದೇ ಕೇಳಿಸಿತು. ನನ್ನ ಕಿವಿಯಲ್ಲಷ್ಟೇ ಇದ್ದ ಮಾತನ್ನು ನಾನು ಅಚ್ಚು ಹಾಕುವಂತಿರಲಿಲ್ಲ. ಆ ಅಂಗಡಿಯನ್ನು ಬಿಟ್ಟು ಪುಟ ಮುಗಿಸಿಕೊಟ್ಟೆ. ಮಾಲೀಕನ ಹೆಸರನ್ನು ಇಲ್ಲಿಯೂ ಬರೆಯದಿರುವುದು ಅದೇ ಕಾರಣಕ್ಕೆ.

ಮರುದಿನ ಬೆಳಿಗ್ಗೆ ನವನಗರಕ್ಕೆ ಹೋದೆ. ಆ ಅಂಗಡಿಗೆ ಹೋಗಿದ್ದೆ, ಅವನ ಮಾತು ಫೋನಿನಲ್ಲಿದೆ ಎಂದಷ್ಟೇ ಹೇಳಿದೆ. ಚಿಗವ್ವ ಕೈ ಚಾಚಿದಳು.

“ಹಾಕು. ಅವ ಏನಂದ, ನಾನ ಕೇಳ್ತೇನಿ.”

“ಬ್ಯಾಡ ಚಿಗವ್ವ, ಅದರಾಗ ಸುಳ್ಳ ಐತಿ.”

“ನಾ ಕೇಳದ ಸುಳ್ಳ ಯಾವುದೈತಿ? ಹಾಕು.”

ಹಾಕಿದೆ. ಪಕ್ಕದಲ್ಲಿ ಕೂತ ನನಗೆ ‘ಆಕೀನ ಹಾಕಿದ್ಲು’ ಎಂದು ಸ್ಪಷ್ಟವಾಗಿ ಕೇಳಿಸಿತು. ಅವಳು ಕಣ್ಣು ಮುಚ್ಚಿ ಕೂತಿದ್ದಳು.

“ಕೇಳಿದೇನು? ನಾನ ಹಾಕಿದ್ದೆ ಅಂದ. ಆರ್ಡರ್ ಬಾಳ ಇದ್ವಂತ. ಸ್ಪಂಜ್ ತೀರಿತ್ತಂತ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೊಮ್ಮೆ ಹಾಕು.”

ಅಂಗಡಿಯಲ್ಲಿ ಅವನು ಆಡಿದ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳಿಗಲ್ಲ, ಯಾರಿಗೂ ಹೇಳಿರಲಿಲ್ಲ.

ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಆಮೇಲೆ ಎದ್ದು ಜಳಕ ಮಾಡಿ, ನಾಲ್ಕು ವರ್ಷದ ಮೇಲೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಪೂಜೆ ಮುಗಿಸಿ ವಿಭೂತಿ ಹಚ್ಚಿದ ಹಣೆಯಲ್ಲೇ ಹೊರಗೆ ಬಂದು ಕೂತಳು.

“ಅವ ಇರೂ ತನಕ ಗಿರಾಕಿ ಮುಂದ ದಿನಾ ಹಿಂಗ ಅನ್ನಲಿ” ಎಂದಳು, ಏರದ ದನಿಯಲ್ಲಿ. “ಇದನ್ನ ಬೀಗರಿಗೆಲ್ಲಾ ಕಳಿಸು. ಚಾ ಬಿಟ್ಟು ಎದ್ದು ಹೋದವ್ರಿಗೆ ಮೊದ್ಲ ಕಳಿಸು.”

ಅವರಿಗೆ ಯಾವ ಮಾತು ಕೇಳಿಸುತ್ತದೋ ನನಗೆ ಗೊತ್ತಿಲ್ಲ. ಅವಳಂತೆ ಕೇಳಿಸಿದರೆ ಅವಳ ಹೆಸರು ಉಳಿಯುತ್ತದೆ. ನನ್ನಂತೆ ಕೇಳಿಸಿದರೆ ಆ ಆರೋಪವನ್ನು ನಾನೇ ಮನೆ ಮನೆಗೆ ಮುಟ್ಟಿಸಿದಂತಾಗುತ್ತದೆ. ವರ್ಷಗಳಾದವು, ಯಾರಿಗೂ ಕಳಿಸಿಲ್ಲ. ಭೇಟಿಯಾದಾಗಲೆಲ್ಲ ಚಿಗವ್ವ ಕೇಳುತ್ತಾಳೆ, “ಕಳಿಸಿದಿ ಇಲ್ಲೋ?” ಎಂದು.

ಕಳಿಸೇನಿ ಚಿಗವ್ವ, ಎಲ್ಲಾರೂ ಕೇಳ್ಯಾರ ಅನ್ನುತ್ತೇನೆ.