ಓನರ್‌ಗೂ ಸಂಬಳ ಕೊಡಿಸುವ ಲೆಕ್ಕದಕ್ಕ

ಬೆಳಗಿನ ಜಾವದ ಲಾರಿ ಸ್ಟ್ಯಾಂಡು. ಬೆಳಕು ಇನ್ನೂ ಪೂರ್ತಿ ಬಿದ್ದಿಲ್ಲ. ಸಾಲಾಗಿ ನಿಂತ ಲಾರಿಗಳ ನಡುವೆ ಒಂದು ಟಾರ್ಚು ನಡೆದು ಬರುತ್ತಿದೆ. ಅದರ ಹಿಂದೆ ಕಿವಿ ಮುಚ್ಚುವಂತೆ ಸ್ಕಾರ್ಫ್ ಸುತ್ತಿಕೊಂಡು, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ ಇರುಕಿಸಿಕೊಂಡ ಹೆಂಗಸು. ಸಿನಿಮಾ ಆಗಿದ್ದರೆ ಈ ಎಂಟ್ರಿಗೆ ಸ್ಲೋಮೋಷನ್, ಧೂಳು, ಎದೆ ನಡುಗಿಸುವ ಮ್ಯೂಸಿಕ್ಕು ಎಲ್ಲ ಇರುತ್ತಿತ್ತು. ಇಲ್ಲಿ ಧೂಳು ಮಾತ್ರ ಇದೆ.

ಮೊದಲ ಲಾರಿಯ ಬಾಗಿಲಿಗೆ ಟಕ್ ಟಕ್. ಒಳಗಿನ ಗೊರಕೆ ಇದ್ದಕ್ಕಿದ್ದಂತೆ ಜೋರಾಗುತ್ತದೆ.

"ಆಕ್ಟಿಂಗ್ ಸಾಕು, ಏಳಪ್ಪಾ. ನಿಜವಾಗಿ ಮಲಗಿದೋರ ಗೊರಕೆ ಬಾಗಿಲು ತಟ್ಟಿದ್ರೆ ನಿಲ್ಲುತ್ತೆ, ಜಾಸ್ತಿ ಆಗಲ್ಲ."

ಗಾಜು ನಾಲ್ಕು ಬೆರಳಷ್ಟು ಇಳಿಯುತ್ತದೆ. ಮುಖ ಕಾಣುವುದಿಲ್ಲ. ಮುದುರಿದ ಡೀಸೆಲ್ ಬಿಲ್ಲು ಹಿಡಿದ ಕೈಯೊಂದೇ ಹೊರಬರುತ್ತದೆ. "ಅಕ್ಕಾ, ಪೊಲೀಸ್ನೋರು ಕೂಡ ಇಷ್ಟು ಬೇಗ ಬರಲ್ಲ."

"ಅವರು ದಂಡ ಹಾಕೋಕೆ ಬರ್ತಾರೆ, ನಾನು ದಂಡ ತಪ್ಸೋಕೆ ಬರ್ತೀನಿ. ಟೋಲ್ ಚೀಟಿ ಎಲ್ಲಿ?"

ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಈಕೆ ಲೆಕ್ಕದಕ್ಕ. ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವ ಇಪ್ಪತ್ತಾರು ಜನರ ಲೆಕ್ಕ, ತೆರಿಗೆ, ಬೈಗುಳ ಮೂರನ್ನೂ ಈಕೆಯೇ ನೋಡಿಕೊಳ್ಳುತ್ತಾರೆ. ಬೈಗುಳಕ್ಕೆ ಚಾರ್ಜಿಲ್ಲ. ಬಂಕಿನಲ್ಲಿ ಕೊಡುವ ಬಿಲ್ಲಿನ ಅಕ್ಷರ ಬಿಸಿ ತಾಗಿದರೆ ಅಳಿದುಹೋಗುತ್ತದೆ. ಈ ಜನ ಅದನ್ನು ಸಿಕ್ಕಿಸುವುದು ಎಲ್ಲಿಗೆ? ನೇರವಾಗಿ ಬಿಸಿಲು ಹೊಡೆಯುವ ಮುಂದಿನ ಗಾಜಿನ ಸಂದಿಗೆ! ವರ್ಷದ ಕೊನೆಗೆ ಖರ್ಚಿನ ದಾಖಲೆ ಕೊಡಪ್ಪಾ ಎಂದರೆ ಕಂತೆ ಕಂತೆ ಬಿಳಿ ಹಾಳೆ ತಂದು ಟೇಬಲ್ ಮೇಲೆ ಸುರಿಯುತ್ತಾರೆ. ಡೀಸೆಲ್ ಉರಿದದ್ದು ನಿಜ, ಉರಿಸಿದವನು ಕಣ್ಣೆದುರಿಗೇ ನಿಂತಿದ್ದಾನೆ, ಆದರೆ ಖಾಲಿ ಹಾಳೆ ನೋಡಿ ತೆರಿಗೆಯವರು ಒಪ್ಪುತ್ತಾರೆಯೇ? ಖರ್ಚೆಲ್ಲ ಲಾಭವಾಗಿ ಕಾಣಿಸಿ, ಇಲ್ಲದ ಲಾಭಕ್ಕೆ ತೆರಿಗೆ ಬೀಳುತ್ತದೆ. ಅದಕ್ಕೇ ಈ ಬೆಳಗಿನ ದಾಳಿ.

ಇದಕ್ಕೂ ಮೊದಲು ಅಕ್ಕ ಊರಾಚೆಯ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ಬರೆಯುತ್ತಿದ್ದರು. ಒಂದಾಳು ಕೂರುವಷ್ಟು ಗೂಡು, ಒಂದು ಕಿಟಕಿ. ಹೂವಿನ ಹಾರ ಹಾಕಿಕೊಂಡು ಬಂದ ಹೊಸ ಲಾರಿ ಎರಡು ವರ್ಷಕ್ಕೆ ಬೇರೆ ಓನರ್ ಹೆಸರಲ್ಲಿ ಬರುವುದನ್ನು ಆ ಕಿಟಕಿಯಿಂದಲೇ ಕಂಡರು. ಹಳೇ ಓನರ್ ಇನ್ಯಾರದೋ ಗಾಡಿಗೆ ಡ್ರೈವರ್ ಆಗಿ ಅದೇ ಕಿಟಕಿಗೆ ಬಂದು ತಲೆ ತಗ್ಗಿಸಿ ಚೀಟಿ ತೆಗೆದುಕೊಳ್ಳುತ್ತಿದ್ದ. "ಇವರು ಕುಡುಕರಲ್ಲ, ಸೋಮಾರಿಗಳೂ ಅಲ್ಲ. ಹಗಲು ರಾತ್ರಿ ದುಡಿಯೋರು. ಆದ್ರೂ ಗಾಡಿ ಹೋಯ್ತು ಅಂದ್ರೆ ತೂತು ಎಲ್ಲೋ ಇರ್ಬೇಕಲ್ವಾ?" ಎನ್ನುತ್ತಾರೆ. ತೂತು ಹುಡುಕಲೆಂದೇ ಮಗಳು ಸ್ಕೂಲಿಗೆ ಸೇರಿದ ವರ್ಷ ತಾವು ಒಬ್ಬ ತೆರಿಗೆ ಸಲಹೆಗಾರರ ಆಫೀಸು ಸೇರಿದರು. ಫೈಲು ಹೊತ್ತರು, ಟೀ ತಂದರು, ಕೇಳಿ ಕೇಳಿ ಕಲಿತರು, ಪರೀಕ್ಷೆಯನ್ನೂ ಬರೆದರು. ಮೊದಲ ಸಲ ಫೇಲು. ಎರಡನೆಯ ಸಲಕ್ಕೆ ಪಾಸು.

ಈಗಿನ ಆಫೀಸು ಅಕ್ಕನ ಯಜಮಾನರ ಟೈರ್ ಅಂಗಡಿಯ ಹಿಂದಿನ ರೂಮು. ಗೋಡೆ ತುಂಬ ಶೆಲ್ಫು, ಶೆಲ್ಫಿನ ತುಂಬ ಲಾರಿ ನಂಬರ್ ಬರೆದ ಬಿಸ್ಕತ್ತಿನ ಡಬ್ಬಿಗಳು. ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ, ಆರಿಸಿದರೆ ರಬ್ಬರ್ ವಾಸನೆ ಮೂಗಿಗೆ ಬರುತ್ತದೆ. "ನಾನು ಮುಂದಗಡೆ ಟೈರ್ ಹಾಕಿಸ್ಕೊಳ್ಳಿ ಅಂತೀನಿ, ಇವಳು ಹಿಂದಗಡೆ ಟೈರಿಗೆ ದುಡ್ಡು ಕೂಡಿಡಿ ಅಂತಾಳೆ. ಊರವರು ನಮ್ಮಿಬ್ರನ್ನೂ ಪಾರ್ಟ್‌ನರ್ಸ್ ಅಂದ್ಕೊಂಡಿದಾರೆ" ಎಂದು ಯಜಮಾನರು ಜಾಕ್ ತಿರುಗಿಸುತ್ತಲೇ ನಗುತ್ತಾರೆ.

ಇಂದು ಅಕ್ಕನಿಗೆ ನಗು ಬರುತ್ತಿಲ್ಲ. ಹತ್ತು ಗಂಟೆಗೆ ಬರುವವನು ಓವರ್‌ಟೇಕ್. ಟೀ ಅಂಗಡಿಯ ಕ್ಯೂನಲ್ಲೂ ಹಿಂದೆ ನಿಲ್ಲದ ಮನುಷ್ಯ, ಅದಕ್ಕೇ ಆ ಹೆಸರು. ಹದಿನೆಂಟು ವರ್ಷ ಬೇರೆಯವರ ಗಾಡಿ ಓಡಿಸಿ, ಹೋದ ವರ್ಷ ಸ್ವಂತದ್ದು ಕೊಂಡ. ಇವತ್ತು ಮಧ್ಯಾಹ್ನ ಎರಡನೇ ಲಾರಿಗೆ ಸಹಿ ಹಾಕಬೇಕು. ಬ್ರೋಕರ್‌ಗೆ ಮುಂಗಡವನ್ನೂ ಕೊಟ್ಟಾಗಿದೆ. ಹೊಸ ಸಾಲಕ್ಕೆ ಅಡವಿಡುವುದು ಮೊದಲ ಲಾರಿಯನ್ನೇ. ಎರಡನೆಯದು ಮುಗ್ಗರಿಸಿದರೆ ಎರಡೂ ಹೋಗುತ್ತವೆ.

ಹೇಳಿದ ಹೊತ್ತಿಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬರುತ್ತಾನೆ.

"ಅಕ್ಕಾ, ತಿಂಗಳಿಗೆ ನಲವತ್ತು ಸಾವಿರ ಉಳೀತಿದೆ ಅಂತ ನೀವೇ ಹೇಳಿದ್ರಿ. ಎರಡಾದ್ರೆ ಎಂಬತ್ತು. ಸಿಂಪಲ್ಲು!"

"ಡೀಸೆಲ್ಲು, ಟೋಲು, ರಿಪೇರಿ, ಇನ್ಶೂರೆನ್ಸು, ಕಂತು ಕಳೆದು ನಲವತ್ತು. ನಿಜ. ಗಾಡಿ ಓಡ್ಸಿದ್ದು ಯಾರು?"

"ನಾನೇ."

"ಡ್ರೈವರ್ ಸಂಬಳ ಎಷ್ಟು ಕೊಟ್ಟೆ?"

ಓವರ್‌ಟೇಕ್ ಹೆಂಡತಿಯ ಕಡೆ ತಿರುಗಿ, ಅಕ್ಕನಿಗೆ ಏನಾಯಿತು ಎಂಬಂತೆ ನೋಡುತ್ತಾನೆ. "ನನ್ ಗಾಡಿಗೆ ನಾನೇ ಸಂಬಳ ಕೊಟ್ಕೋಬೇಕಾ? ಡಬಲ್ ಆಕ್ಟಿಂಗಾ?"

"ಹೂಂ, ಡಬಲ್ ಆಕ್ಟಿಂಗೇ. ಹೋದ ವರ್ಷದಿಂದ ಬಡ್ಕೊಂಡೆ, ಶನಿವಾರ ಶನಿವಾರ ಬಂದು ಸಹಿ ಹಾಕಿ ಸಂಬಳ ತಗೋ ಅಂತ. ನಾಚಿಕೆ ಆಗುತ್ತೆ ಅಂದೆ ನೀನು. ಈಗ ಬರಿ." ಅಕ್ಕ ಪೆನ್ಸಿಲ್ ಅವನ ಕೈಗೇ ಕೊಡುತ್ತಾರೆ. ನಲವತ್ತರಲ್ಲಿ ಹೊರಗಿನ ಡ್ರೈವರ್‌ಗಾದರೆ ಇಪ್ಪತ್ನಾಲ್ಕು. ಉಳಿದದ್ದು ಹದಿನಾರು. ಟೈರೆಲ್ಲ ಒಟ್ಟಿಗೇ ಸವೆಯುವ ದಿನಕ್ಕೆಂದು ತಿಂಗಳಿಗೆ ಹನ್ನೊಂದು. ಉಳಿದದ್ದು ಐದು. ತೆರಿಗೆಗೆ ಎತ್ತಿಡಬೇಕಾದದ್ದು ಮೂರು.

"ಎರಡು ಸಾವಿರ?" ಅವನ ದನಿ ಇಳಿಯುತ್ತದೆ. ತಕ್ಷಣ ಏರುತ್ತದೆ. "ಹಂಗಾದ್ರೆ ನನ್ ಸಂಬಳಾನೂ ಖರ್ಚು ಅಂತ ತೋರ್ಸಿ ತೆರಿಗೆ ಕಮ್ಮಿ ಮಾಡಿ!"

"ಆಗಲ್ಲ ಕಣೋ. ತೆರಿಗೆಯವರ ಲೆಕ್ಕದಲ್ಲಿ ನೀನೂ ಗಾಡಿನೂ ಒಂದೇ. ನೀನು ತಗೊಂಡಿದ್ದು ಸಂಬಳ ಅಲ್ಲ, ಲಾಭ. ಕೂಡಿಟ್ಟ ಟೈರ್ ದುಡ್ಡೂ ಅಷ್ಟೇ, ಟೈರ್ ಹಾಕ್ಸಿ ಬಿಲ್ ತಂದಾಗ್ಲೇ ಖರ್ಚು. ಇದು ಅವರಿಗೆ ಕೊಡೋ ಲೆಕ್ಕ ಅಲ್ಲ, ನಿನಗೆ ನೀನೇ ಕೊಟ್ಕೊಳ್ಳೋದು." ಅಕ್ಕ ಹಾಳೆಯ ಖಾಲಿ ಜಾಗ ತೋರಿಸುತ್ತಾರೆ. "ಈಗ ಎರಡನೇ ಗಾಡಿ. ಅದನ್ನ ನೀನು ಓಡ್ಸೋಕಾಗುತ್ತಾ? ಎರಡು ಸ್ಟೇರಿಂಗ್‌ಗೆ ನಿನಗಿರೋದು ಎರಡೇ ಕೈ. ಡ್ರೈವರ್ ಇಡ್ಲೇಬೇಕು, ಅವನು ನಾಚ್ಕೊಳ್ಳಲ್ಲ, ಸಂಬಳ ಕೇಳ್ತಾನೆ. ಸಂಬಳ, ಟೈರು ತೆಗೆದ್ರೆ ಇದಕ್ಕೂ ಐದೇ. ಇದರ ಕಂತು ಹಳೇದಕ್ಕಿಂತ ಒಂಬತ್ತು ಸಾವಿರ ಜಾಸ್ತಿ. ತಿಂಗಳಾ ತಿಂಗಳಾ ನಾಲ್ಕು ಸಾವಿರ ನಿನ್ನ ಜೇಬಿಂದ."

ಓವರ್‌ಟೇಕ್ ಕುರ್ಚಿ ಹಿಂದೆ ತಳ್ಳಿ ಏಳುತ್ತಾನೆ. "ನಿಮಗೆ ಲೆಕ್ಕ ಬರುತ್ತೆ ಅಕ್ಕಾ, ಧೈರ್ಯ ಬರಲ್ಲ. ಹದಿನೆಂಟು ವರ್ಷ ಕಂಡೋರ ಹತ್ರ ಏಯ್ ಅನ್ನಿಸ್ಕೊಂಡಿದೀನಿ. ನಾಲ್ಕು ಜನ ನನ್ನ ಓನರ್ ಅನ್ಬೇಕು ಅನ್ನೋದು ತಪ್ಪಾ?"

"ತಪ್ಪಲ್ಲ."

"ಮತ್ತೆ ಕನಸಿಗೂ ತೆರಿಗೆ ಹಾಕ್ತೀರಲ್ಲ!"

ಬಾಗಿಲು ದಡಾರ್ ಎನ್ನುತ್ತದೆ. ಹೆಂಡತಿ ಪೆನ್ಸಿಲ್ಲಿನಲ್ಲಿ ಲೆಕ್ಕ ಬರೆದ ಹಾಳೆ ಮಡಚಿ ಕೈಯಲ್ಲಿ ಹಿಡಿದುಕೊಂಡು ಹಿಂದೆಯೇ ಹೋಗುತ್ತಾಳೆ.

ಅಕ್ಕ ಇನ್ನೊಂದು ಡಬ್ಬಿ ತೆರೆದು ಬಿಲ್ಲು ಜೋಡಿಸತೊಡಗುತ್ತಾರೆ. ಒಂದೇ ಬಿಲ್ಲಿನ ಮೊತ್ತವನ್ನು ಮೂರು ಸಲ ಬರೆದು ಹೊಡೆದುಹಾಕುತ್ತಾರೆ. ಯಜಮಾನರು ಟೀ ತಂದಿಟ್ಟು, "ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು" ಎನ್ನುತ್ತಾರೆ.

"ಮೆತ್ತಗೆ ಹೇಳಿದ್ರೆ ಬ್ರೋಕರ್ ಮಾತು ಗಟ್ಟಿಯಾಗಿ ಕೇಳ್ಸುತ್ತೆ ರೀ" ಎನ್ನುವ ಅಕ್ಕನ ಕಣ್ಣು ಕಿಟಕಿಯಲ್ಲೇ ಇದೆ. ರಸ್ತೆಯಾಚೆ ಓವರ್‌ಟೇಕ್‌ನ ಲಾರಿ ಸ್ಟಾರ್ಟ್ ಆಗುತ್ತದೆ. ಹೊಗೆ ಬಿಡುತ್ತದೆ. ಆದರೆ ಚಲಿಸುವುದಿಲ್ಲ. ಕ್ಯಾಬಿನ್ನಿನಲ್ಲಿ ಇಬ್ಬರ ತಲೆ, ನಡುವೆ ಒಂದು ಹಾಳೆ. ಸ್ವಲ್ಪ ಹೊತ್ತಿಗೆ ಇಂಜಿನ್ ಆಫ್ ಆಗುತ್ತದೆ. ಟೀ ತಣ್ಣಗಾಗುತ್ತದೆ.

ಬಾಗಿಲಲ್ಲಿ ಮೊದಲು ಕಾಣಿಸಿಕೊಳ್ಳುವವಳು ಹೆಂಡತಿ. "ಅಕ್ಕಾ, ಒಂದು ತಿಂಗಳು ಮೂವತ್ತು ತಂದು ಕೊಡ್ತಾರೆ, ಇನ್ನೊಂದು ತಿಂಗಳು ಎಂಟು. ಮೂವತ್ತು ಬಂದಾಗ ರಾಣಿ ಥರ ಖರ್ಚು ಮಾಡ್ದೆ, ಎಂಟು ಬಂದಾಗ ಇವರ ಜೊತೆ ಜಗಳ ಆಡ್ದೆ. ಆ ಮೂವತ್ತರಲ್ಲಿ ಟೈರ್ ದುಡ್ಡೂ ಇತ್ತು ಅಂತ ನನಗೇನು ಗೊತ್ತು? ಈಗ ಗಾಡಿ ಬೇಡ ಅಂತ ಬ್ರೋಕರ್‌ಗೆ ಫೋನ್ ಮಾಡಿಸ್ದೆ. ಮುಂಗಡ ವಾಪಸ್ ಕೊಡಲ್ವಂತೆ."

"ಹೋಗ್ಲಿ ಬಿಡಮ್ಮ. ಗಾಡಿ ಹೋಗ್ಲಿಲ್ಲ."

ಅವಳ ಹಿಂದೆ ಓವರ್‌ಟೇಕ್. ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ಯಾರದೋ ಹಿಂದೆ ನಿಂತಿದ್ದಾನೆ. ಇಸ್ತ್ರಿ ಅಂಗಿಯ ತೋಳು ಮಡಚಿದ್ದಾನೆ, ಅಕ್ಕನ ಮುಖ ನೋಡುತ್ತಿಲ್ಲ.

"ಇನ್ನೊಂದು ವರ್ಷ ಆದ್ಮೇಲೆ ಎರಡನೇ ಗಾಡಿ ಕೇಳ್ಬಹುದಾ?"

"ಬರುವಾಗ ಖಾಲಿ ಬರೋದು ಬಿಡು, ವಾಪಸ್ ಲೋಡು ಹಿಡಿ. ಟೈರ್ ದುಡ್ಡು ಮುಟ್ಬೇಡ. ಆಮೇಲೆ ಬಾ, ನಾನೇ ಬ್ರೋಕರ್ ಹತ್ರ ಚೌಕಾಸಿ ಮಾಡ್ತೀನಿ."

ಅವನು ತಲೆಯಾಡಿಸುತ್ತಾನೆ. ಕೊನೆಯ ಟ್ರಿಪ್ಪಿನ ಬಾಡಿಗೆ ಹಣವನ್ನು ಜೇಬಿನಿಂದ ತೆಗೆದು ಟೇಬಲ್ಲಿನ ಮೇಲೆ ಇಡುತ್ತಾನೆ. ಅಕ್ಕ ಅದರಿಂದ ಒಂದು ವಾರದ ಸಂಬಳ ಬೇರೆ ಮಾಡಿ ಅವನ ಕಡೆ ಸರಿಸುತ್ತಾರೆ, ಜೊತೆಗೆ ವೋಚರು. ಸಹಿ ಹಾಕುವಾಗ ನಾಚಿಕೆಯಿಂದ ಅವನ ಕಿವಿ ಕೆಂಪಾಗುತ್ತದೆ. ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಗು ತಡೆಯುತ್ತಾಳೆ.

"ಅಕ್ಕಾ, ಇಷ್ಟೇನಾ? ಡ್ರೈವರ್‌ಗೆ ಊಟದ ಬಾಟಾ ಗೀಟಾ ಏನೂ ಇಲ್ವಾ?" ಅವನು ದುಡ್ಡು ಎಣಿಸುತ್ತಾ ಕೇಳುತ್ತಾನೆ.

"ಓನರ್‌ನ ಕೇಳು."

ಓವರ್‌ಟೇಕ್ ದುಡ್ಡನ್ನು ಹೆಂಡತಿಯ ಕೈಗೆ ಹಾಕುತ್ತಾ ಬಾಗಿಲತ್ತ ತಿರುಗುತ್ತಾನೆ. "ಓನರ್ ಸ್ವಲ್ಪ ಜಿಪುಣ ಅಕ್ಕಾ."

"ಆಗಿರ್ಲಿ ಬಿಡು" ಎನ್ನುತ್ತಾ ಅಕ್ಕ ವೋಚರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ. "ಓನರ್ ಆಗಿ ಉಳೀತಾನೆ."