ಬೇಕಾಗುತ್ತೆ ಮೇಸ್ತ್ರಿಯ ಗೋಣಿಚೀಲ

ಮರಕ್ಕೆ ಪಾಲಿಶ್ ಹೊಡೆಯುವುದರಲ್ಲಿ ಆ ಬೀದಿಯ ಮೇಸ್ತ್ರಿಯನ್ನು ಮೀರಿಸಿದವರಿಲ್ಲ. ಏನನ್ನೂ ಬಿಸಾಡದೆ ಇಟ್ಟುಕೊಳ್ಳುವುದರಲ್ಲೂ ಇಲ್ಲ. ಡಬ್ಬದ ತಳದಲ್ಲಿ ಎರಡು ಗುಟುಕು ಥಿನ್ನರ್ ಉಳಿದರೂ "ಬೇಕಾಗುತ್ತೆ" ಎಂದು ನೀರಿನ ಬಾಟಲಿಗೆ ಸುರಿದಿಡುತ್ತಿದ್ದ. ಕೊನೆಗೆ ಹೆಸರೇ ಬೇಕಾಗುತ್ತೆ ಮೇಸ್ತ್ರಿ ಎಂದಾಯಿತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಾಲಾಗಿ ನಿಂತ ಬಾಟಲಿಗಳಲ್ಲಿ ಯಾವುದು ನೀರು, ಯಾವುದು ಟರ್ಪೆಂಟೈನ್ ಎಂಬುದು ಅವನ ಮೂಗಿಗೆ ಮಾತ್ರ ಗೊತ್ತು. ಬಾಯಾರಿದ ಭಾವಮೈದುನ ಒಮ್ಮೆ ಒಂದನ್ನು ತುಟಿಯವರೆಗೆ ಎತ್ತಿದ್ದ. ಬೈಸಿಕೊಂಡವನೂ ಅವನೇ, ಕೇಳದೆ ಮುಟ್ಟಿದ್ದಕ್ಕೆ.

ಹಾಗಂತ ಮೇಸ್ತ್ರಿಗೆ ಬೆಂಕಿಯ ಭಯವಿಲ್ಲವೆಂದಲ್ಲ. ಬೀಡಿ ಸೇದುತ್ತಾ ಬಾಗಿಲ ಮುಂದೆ ಹೋದವರ ಮೂರು ತಲೆಮಾರು ಜಾಲಾಡುತ್ತಿದ್ದ. ಕೋಣೆಯ ಬಾಗಿಲಿಗೆ "ಬೆಂಕಿ ತರಬಾರದು" ಎಂದು ಕೆಂಪಕ್ಷರದಲ್ಲಿ ಬರೆದಿದ್ದ. ಬೆಂಕಿ ಅದನ್ನು ಓದಿಕೊಂಡು ವಾಪಸ್ ಹೋಗುತ್ತದೆ ಎಂಬ ನಂಬಿಕೆ.

ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಮೊದಲ ಮೊಮ್ಮಗುವಿಗೆಂದು ಮೇಸ್ತ್ರಿ ತೊಟ್ಟಿಲು ಮಾಡಿಸಿ, ವಾರವಿಡೀ ಅಗಸೆ ಎಣ್ಣೆ ಉಜ್ಜಿದ. ಬೇರೆ ಕೆಲಸಕ್ಕೆ ಒಂದೆರಡು ಚಿಂದಿ ಸಾಕಾಗುತ್ತಿತ್ತು; ಅಕ್ಕರೆಯ ಕೆಲಸ ನೋಡಿ, ಈ ಸಲ ಗೋಣಿಚೀಲವೇ ತುಂಬಿತು. ಎಣ್ಣೆ ಚಿಂದಿಗಳನ್ನು ಉಂಡೆ ಕಟ್ಟಿ ಅದರೊಳಗೆ ತುರುಕಿ, ಬಾಟಲಿಗಳ ಕೋಣೆಯಲ್ಲೇ ಇದ್ದ ತೊಟ್ಟಿಲ ಪಕ್ಕಕ್ಕೆ ಇಟ್ಟ.

ಹೆಂಡತಿ ಎಣ್ಣೆಯ ಡಬ್ಬ ಕೈಗೆತ್ತಿಕೊಂಡು ಹೇಳಿದಳು: "ಇಲ್ಲಿ ಬರೆದಿದೆ ನೋಡ್ರೀ. ಈ ಬಟ್ಟೆ ಒಟ್ಟಿಗೆ ಉಂಡೆ ಮಾಡಿಟ್ರೆ ತಾನಾಗೇ ಹತ್ಕೊಳ್ಳುತ್ತಂತೆ. ಹೊರಗೆ ಹರಡಿ ಒಣಗಿಸ್ಬೇಕಂತೆ."

"ಮೂವತ್ತು ವರ್ಷದಿಂದ ಈ ಡಬ್ಬ ಬಿಚ್ತಿರೋನು ನಾನು. ಕಡ್ಡಿ ಗೀರದೆ ಬೆಂಕಿ ಬರೋಕೆ ಅದೇನು ಮಂತ್ರಾನಾ?"

ಬಿಚ್ಚಿದ್ದು ನಿಜ. ಓದಿದ್ದು ಮಾತ್ರ ಒಂದು ದಿನವೂ ಇಲ್ಲ.

ಮಾರನೆಯ ಮಧ್ಯಾಹ್ನ ಊಟಕ್ಕೆ ಕೂತಾಗ ಕೆಂಪಕ್ಷರದ ಬಾಗಿಲ ಸಂದಿಯಿಂದ ಹೊಗೆ ಬಂತು. ಮೇಸ್ತ್ರಿ ಎಂಜಲು ಕೈಯಲ್ಲೇ ಬೀದಿಗೆ ಓಡಿ, ಎದುರುಮನೆಯ ದರ್ಜಿಯ ಕೊರಳಪಟ್ಟಿ ಹಿಡಿದು ಬೀಡಿ ಎಸೆದವನು ನೀನೇ ಎಂದ. ದರ್ಜಿ ಬೀಡಿ ಬಿಟ್ಟು ಎರಡು ವರ್ಷವಾಗಿತ್ತು, ಅದೂ ಮೇಸ್ತ್ರಿಯ ಬೈಗುಳ ತಾಳಲಾರದೆ. ನ್ಯಾಯ ನಡೆಯುತ್ತಿದ್ದಷ್ಟು ಹೊತ್ತು ಹೆಂಡತಿ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮರಳನ್ನು ಬಾಂಡಲಿಯಲ್ಲಿ ಹೊತ್ತು ಚೀಲದ ಮೇಲೆ ಸುರಿದಳು. ಬಾಟಲಿಗಳಿಗೆ ಒಂದು ಮೊಳ ದೂರದಲ್ಲಿ ಬೆಂಕಿ ಆರಿತು. ತೊಟ್ಟಿಲ ಒಂದು ಕಾಲು ಕಪ್ಪಾಗಿತ್ತು.

ಪುರಸಭೆ ಹಳೇ ಪೇಂಟು, ಥಿನ್ನರ್ ತೆಗೆದುಕೊಳ್ಳುವುದು ತಿಂಗಳ ಮೊದಲ ಶನಿವಾರ. ಮೇಸ್ತ್ರಿ ಅಂದು ಪ್ರತಿ ಬಾಟಲಿಗೂ ಚೀಟಿ ಅಂಟಿಸಿಕೊಂಡು ಹೋಗಿ ಸಾಲಿನಲ್ಲಿ ನಿಂತ. ಚೀಟಿಯಿಲ್ಲದೆ ಬಂದವರಿಗೆ ಬುದ್ಧಿ ಇಲ್ಲವೇ ಎಂದು ಅಲ್ಲೂ ಬೈದ. ಮನೆಗೆ ಬಂದು, ಕಪ್ಪಾದ ಕಾಲಿಗೆ ಪಾಲಿಶ್ ಹಾಕಿ ಮುಚ್ಚೋಣವೆಂದು ಚಿಂದಿ ಹಿಡಿದು ಕೂತ.

ಹೆಂಡತಿ ಚಿಂದಿ ಕಸಿದುಕೊಂಡು ಹಗ್ಗದ ಮೇಲೆ ಹರಡಿದಳು.

"ಆ ಕಲೆ ಮುಟ್ಬೇಡಿ. ಹಾಗೇ ಇರ್ಲಿ," ಎಂದಳು. "ಬೇಕಾಗುತ್ತೆ."